ಚಪ್ಪಡಿ ಹಡಗೇರುವ ಮುನ್ನ

ಕೇಳುಗರಿಗೆ ನಮಸ್ಕಾರ.

ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕರಿಕಲ್ಲು, ಕನಕಪುರದ ಮಲ್ಟಿಕಲರ್. ಜಿಗಣಿ, ಹೊಸೂರಿನ ಕಡೆಯ ಕಾರ್ಖಾನೆಗಳಲ್ಲಿ ಚಪ್ಪಡಿಯಾಗಿ ಕೊಯ್ದು, ಪಾಲಿಶ್ ಹಿಡಿಸಿಕೊಂಡ ಈ ಕಲ್ಲುಗಳು ಕಡಲಾಚೆಯ ಮನೆಗಳ ಅಡುಗೆಕಟ್ಟೆಯಾಗುತ್ತವೆ, ನೆಲವಾಗುತ್ತವೆ, ಸಮಾಧಿಕಲ್ಲೂ ಆಗುತ್ತವೆ. ಕಲ್ಲಿಗೇನಾದೀತು, ಕಲ್ಲಲ್ಲವೇ ಎಂದುಕೊಂಡರೆ ಕೆಟ್ಟಿರಿ. 2 ಸೆಂಟಿಮೀಟರ್ ದಪ್ಪದ ಚಪ್ಪಡಿಯನ್ನು ಮಲಗಿಸಿದರೆ ಹಪ್ಪಳ, ನಿಲ್ಲಿಸಿದರೆ ಬಂಡೆ. ಒತ್ತಡವನ್ನು ತಾಳುವಷ್ಟು ಬಾಗುವಿಕೆಯನ್ನು ಗ್ರಾನೈಟ್ ತಾಳುವುದಿಲ್ಲ. ಹಾಗಾಗಿ ಕಾರ್ಖಾನೆಯ ಸ್ಟ್ಯಾಂಡಿನಿಂದ ಹಿಡಿದು ಕೊಳ್ಳುವವರ ಅಂಗಳದವರೆಗೆ ಅದು ಅಂಚಿನ ಮೇಲೆ ನಿಂತೇ ಹೋಗಬೇಕು.

ಮೊದಲು ತೂಕದ ಲೆಕ್ಕ. 280 ಸೆಂಟಿಮೀಟರ್ ಉದ್ದ, 180 ಎತ್ತರ, 2 ದಪ್ಪದ ಒಂದು ಚಪ್ಪಡಿ ತೆಗೆದುಕೊಳ್ಳಿ. ಸಾಮಾನ್ಯ ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್. ಅಂದರೆ ಚಪ್ಪಡಿಯೊಂದಕ್ಕೆ 272 ಕಿಲೋ. ಅಂಥ 92 ಚಪ್ಪಡಿ ಸೇರಿದರೆ 25 ಟನ್. ಅಷ್ಟು ಕಲ್ಲು ಹಿಡಿಯುವ ಜಾಗ ಒಂಬತ್ತೂಕಾಲು ಘನ ಮೀಟರ್ ಮಾತ್ರ, 20 ಅಡಿ ಕಂಟೇನರ್ ಪೆಟ್ಟಿಗೆಯ ಒಳಜಾಗವೋ ಸುಮಾರು 33 ಘನ ಮೀಟರ್. ಮುಕ್ಕಾಲು ಪಾಲು ಖಾಲಿ ಇದ್ದಂತೆ ಕಂಡರೂ ತೂಕ ತುಂಬಿಹೋಗಿರುತ್ತದೆ. ಕಲ್ಲಿಗೆ 40 ಅಡಿ ಪೆಟ್ಟಿಗೆ ಬೇಡ ಎನ್ನುವುದು ಇದಕ್ಕೇ: ಜಾಗ ಎರಡರಷ್ಟು ಸಿಕ್ಕರೂ ಹೊರಬಲ್ಲ ತೂಕ ಹೆಚ್ಚೇನೂ ಏರುವುದಿಲ್ಲ.

ಇಲ್ಲೇ ಹೊಸಬರು ಎಡವುತ್ತಾರೆ. ಕರಿಕಲ್ಲು ಹೆಚ್ಚು ಭಾರ, ಘನ ಮೀಟರಿಗೆ 3 ಟನ್ನಿನ ಆಸುಪಾಸು. ಅದೇ ಅಳತೆಯ ಚಪ್ಪಡಿ 302 ಕಿಲೋ ತೂಗುತ್ತದೆ. ಕೆಂಪು ಕಲ್ಲಿನ ಲೆಕ್ಕದಲ್ಲೇ 92 ಕರಿ ಚಪ್ಪಡಿ ತುಂಬಿದರೆ ಎರಡೂಮುಕ್ಕಾಲು ಟನ್ ಹೆಚ್ಚಾಯಿತು. ಇನ್ನು ಪೆಟ್ಟಿಗೆ ಎಷ್ಟು ಹೊರುತ್ತದೆ ಎಂದು ನೋಡಿದರಷ್ಟೇ ಸಾಲದು, ಇಳಿಯುವ ದೇಶದ ರಸ್ತೆ ಎಷ್ಟು ಹೊರಲು ಬಿಡುತ್ತದೆ ಎಂದೂ ಕೇಳಬೇಕು. ಅಮೆರಿಕದ ಹೆದ್ದಾರಿಯಲ್ಲಿ ಲಾರಿ, ಟ್ರೇಲರ್, ಪೆಟ್ಟಿಗೆ, ಸರಕು ಎಲ್ಲ ಸೇರಿ 80,000 ಪೌಂಡ್, ಅಂದರೆ 36 ಟನ್ನಿಗಿಂತ ತುಸು ಹೆಚ್ಚು, ಸಾಮಾನ್ಯ ಮಿತಿ. ಅಲ್ಲಿಗೆ ಹೋಗುವ ಪೆಟ್ಟಿಗೆಗೆ ಹತ್ತೊಂಬತ್ತು, ಇಪ್ಪತ್ತು ಟನ್ನಿಗೇ ಕೈ ತಡೆಯುವುದು ವಾಡಿಕೆ. ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚು ಅಚ್ಚುಗಳ ಟ್ರೇಲರ್ ಹುಡುಕಬೇಕು, ಬಾಡಿಗೆ ಏರುತ್ತದೆ. ಆರ್ಡರ್ ಒಪ್ಪಿಕೊಳ್ಳುವಾಗಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಈಗ ಕಟ್ಟುವ ಕೆಲಸ. ಏಳೆಂಟು ಚಪ್ಪಡಿಗಳಿಗೆ ಒಂದು ಬಂಡಲ್. ಪಾಲಿಶ್ ಮುಖಕ್ಕೆ ಪಾಲಿಶ್ ಮುಖವೇ ಎದುರಾಗಬೇಕು, ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇರಬೇಕು. ಒಂದು ಮರಳ ಕಣ ಸಿಕ್ಕಿಕೊಂಡರೂ ದಾರಿಯುದ್ದಕ್ಕೂ ಅದು ಉಜ್ಜುತ್ತಲೇ ಇರುತ್ತದೆ, ಆದ್ದರಿಂದ ಹಾಳೆ ಹಾಸುವ ಮುನ್ನ ಒಣಬಟ್ಟೆಯಿಂದ ಒರೆಸಿ. ಉಕ್ಕಿನ ಪಟ್ಟಿ ನೇರವಾಗಿ ಕಲ್ಲಿಗೆ ತಾಗಬಾರದು. ತಾಗಿದಲ್ಲಿ ತುಕ್ಕು ಇಳಿಯುತ್ತದೆ, ತಿಳಿಬಣ್ಣದ ಕಲ್ಲಿನೊಳಗೆ ಇಳಿದ ತುಕ್ಕನ್ನು ತೆಗೆಯುವುದು ಬಲು ಕಷ್ಟ.

ತುಕ್ಕಿಗಿಂತ ಹೆಚ್ಚು ಕಾಟ ಕೊಡುವುದು ಮರ. ಬಂಡಲಿಗೆ ಹಸಿ ಹಲಗೆ ಕಟ್ಟಿ ಪೆಟ್ಟಿಗೆಯ ಬಾಗಿಲು ಮುಚ್ಚಿದರೆ ಹಗಲಿನ ಬಿಸಿಗೆ ಆ ನೀರೆಲ್ಲ ಆವಿಯಾಗುತ್ತದೆ, ರಾತ್ರಿ ತಂಪಾದ ತಗಡಿನ ಚಾವಣಿಗೆ ತಾಗಿ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಹೊರಗೆ ಬಿಸಿಲು, ಒಳಗೆ ಮಳೆ. ಮರದ ಒಗರು ಆ ನೀರಿನಲ್ಲಿ ಕರಗಿ ಕಲ್ಲಿನ ಮೇಲೆ ಚಹಾ ಬಣ್ಣದ ಕಲೆ ಬಿಡುತ್ತದೆ. ಹಲಗೆಯ ತೇವ ನೂರಕ್ಕೆ 20ರೊಳಗೆ ಇರಲಿ. ಅಳೆಯುವ ಪುಟ್ಟ ಮೀಟರ್ ಒಂದನ್ನು ಕೊಂಡಿಟ್ಟುಕೊಂಡರೆ ದಂಡವಲ್ಲ.

ಮರಕ್ಕೆ ಇನ್ನೊಂದು ಕಟ್ಟುಪಾಡಿದೆ. ಹುಳು ಗಡಿ ದಾಟದಿರಲೆಂದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ. ಹಲಗೆಯ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿ, 30 ನಿಮಿಷ ಬಿಡದೆ ನಿಲ್ಲಬೇಕು. ಆಮೇಲೆ ಗೋಧಿತೆನೆಯ ಗುರುತು, ದೇಶದ ಸಂಕೇತ ಐಎನ್, ಬಿಸಿ ಉಪಚಾರ ಆಗಿದೆ ಎನ್ನುವ ಎಚ್‌ಟಿ ಅಕ್ಷರಗಳು ಇರುವ ಮುದ್ರೆ ಬೀಳುತ್ತದೆ. ಬಂಡಲಿಗೆ ಮುದ್ರೆಯ ಹಲಗೆ ಹಾಕಿ, ಕೊನೆಗಳಿಗೆಯಲ್ಲಿ ಸಾಲದೆ ಬಂದ ಎರಡು ಬೆಣೆಗೆ ಅಂಗಳದಲ್ಲಿ ಬಿದ್ದ ತುಂಡನ್ನು ಬಳಸುವುದುಂಟು. ಅಧಿಕಾರಿಯ ಕಣ್ಣು ಮೊದಲು ಬೀಳುವುದು ಆ ಬೆಣೆಯ ಮೇಲೆ, ಅದು ಬಾಗಿಲ ಪಕ್ಕದಲ್ಲೇ ಇರುತ್ತದಲ್ಲ. ಅಷ್ಟಕ್ಕೇ ಇಡೀ ಪೆಟ್ಟಿಗೆ ತಡೆಹಿಡಿಯಬಹುದು, ವಾಪಸು ಕಳಿಸಲೂಬಹುದು. ಪ್ಲೈವುಡ್ಡಿಗಾದರೋ ಈ ನಿಯಮದಿಂದ ವಿನಾಯಿತಿ ಇದೆ.

ಬಂಡಲ್ ಒಳಗೆ ಹೋಯಿತು. 20 ಅಡಿ ಪೆಟ್ಟಿಗೆಯ ಒಳ ಉದ್ದ 5.9 ಮೀಟರ್, ಆದ್ದರಿಂದ 2.8 ಮೀಟರಿನ ಎರಡು ಬಂಡಲ್ ಉದ್ದಕ್ಕೆ ಕೂತು 30 ಸೆಂಟಿಮೀಟರ್ ಉಳಿಯುತ್ತದೆ. ಬಾಗಿಲಿನ ಎತ್ತರ 2.28 ಮೀಟರ್, 180ರ ಚಪ್ಪಡಿ ಅಡಿಹಲಗೆ ಸಮೇತ ಸಲೀಸಾಗಿ ನುಗ್ಗುತ್ತದೆ. ಭಾರ ಹಿಂದೆ ಮುಂದೆ, ಎಡ ಬಲ ಸಮನಾಗಿ ಹಂಚಿರಬೇಕು. ಇಲ್ಲವಾದರೆ ಕ್ರೇನ್ ಎತ್ತಿದಾಗಲೇ ಪೆಟ್ಟಿಗೆ ವಾಲುತ್ತದೆ.

ಅಗಲದಲ್ಲಿ ಉಳಿಯುವ ಖಾಲಿ ಜಾಗವೇ ಅಪಾಯದ ಜಾಗ. ದೊಡ್ಡ ಅಲೆಗಳ ಕಡಲಿನಲ್ಲಿ ಹಡಗು ಅಡ್ಡಲಾಗಿ ಉರುಳಾಡುವಾಗ ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲ ಪಕ್ಕಕ್ಕೆ ತಳ್ಳಬಹುದು ಎಂದು ಹಿಡಿದು ಬಿಗಿಯಬೇಕು. 25 ಟನ್ ಕಲ್ಲಿಗೆ ಅದು 20 ಟನ್! ಪೆಟ್ಟಿಗೆಯ ತಳದಲ್ಲಿರುವ ಕಟ್ಟುಬಳೆ ಒಂದೊಂದೂ ಹಿಡಿಯುವುದು 1 ಟನ್, ಮೇಲಿನದು ಅರ್ಧ ಟನ್. ನಾಲ್ಕು ಬೆಲ್ಟ್ ಬಿಗಿದು ಕೈ ತೊಳೆದುಕೊಳ್ಳುವವರು ಈ ಲೆಕ್ಕ ಹಾಕಿರುವುದಿಲ್ಲ. ಕಲ್ಲನ್ನು ನಿಜವಾಗಿ ಹಿಡಿಯುವುದು ಮರದ ಆಧಾರ. ಬಂಡಲುಗಳನ್ನು ಒಂದಕ್ಕೊಂದು ಸೇರಿಸಿ ನಡುವೆ ನಿಲ್ಲಿಸಿ, ಎರಡೂ ಪಕ್ಕದ ಗೋಡೆಯವರೆಗೆ ಅಡ್ಡತೊಲೆ ಕೊಡಿ. ತೊಲೆಯ ತುದಿ ತೆಳು ತಗಡಿಗೆ ನೇರವಾಗಿ ಒತ್ತಬಾರದು. ಗೋಡೆಯುದ್ದಕ್ಕೂ ಇನ್ನೊಂದು ತೊಲೆ ಹಾಸಿ, ಅದರ ಮೇಲೆ ಒತ್ತಿದರೆ ಬಲ ಹಂಚಿಹೋಗುತ್ತದೆ. ಬುಡದಲ್ಲೊಂದು ಸಾಲು, ಚಪ್ಪಡಿಯ ಮೇಲಿನ ಅಂಚಿನ ಹತ್ತಿರ ಇನ್ನೊಂದು ಸಾಲು. ಬುಡದ ಸಾಲು ಮಾತ್ರ ಇದ್ದರೆ ಬಂಡಲ್ ಜಾರದೆ ನಿಂತೀತು, ಮಗುಚದೆ ನಿಲ್ಲದು.

ಕಲ್ಲಿನ ಜೊತೆ ಒಂದಿಷ್ಟು ಉಪಕರಣವನ್ನೂ ಕಳಿಸಿಬಿಡೋಣ ಎನ್ನುವವರಿಗೆ ಒಂದು ಮಾತು. ಡೈಮಂಡ್ ಬ್ಲೇಡ್, ಪಾಲಿಶ್ ಪ್ಯಾಡ್, ವಯರ್ ಹಾಕಿ ಓಡಿಸುವ ಗ್ರೈಂಡರ್ ಇವಕ್ಕೆ ತಕರಾರಿಲ್ಲ. ಲಿಥಿಯಂ ಬ್ಯಾಟರಿಯ ಡ್ರಿಲ್ ಹಾಕಿದಿರೋ, ಅದು ಅಪಾಯಕಾರಿ ಸರಕಿನ 9ನೇ ವರ್ಗ. ಕಲ್ಲು ಅಂಟಿಸುವ ಮ್ಯಾಸ್ಟಿಕ್ ಡಬ್ಬಿ ಹೊತ್ತಿಕೊಳ್ಳುವ ಸರಕು, ಅದರ ಜೊತೆಯ ಪುಟ್ಟ ಟ್ಯೂಬಿನ ಹಾರ್ಡನರ್ ಸಾವಯವ ಪೆರಾಕ್ಸೈಡ್ ಎಂಬ, ಸುಲಭವಾಗಿ ಬೆಂಕಿಗೆ ಕಾರಣವಾಗುವ ರಾಸಾಯನಿಕ. ಘೋಷಿಸದೆ ಕಲ್ಲಿನ ಸಂದಿಯಲ್ಲಿ ತುರುಕುವುದು ಹಡಗಿಗೇ ಬೆಂಕಿ ಇಡುವ ಕೆಲಸ.

ಕಾಗದಪತ್ರದಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಸುಂಕ ಶೀರ್ಷಿಕೆ, ಅಂದರೆ ಸರಕು ಯಾವ ಬಗೆಯದೆಂದು ಕಸ್ಟಮ್ಸಿಗೆ ಹೇಳುವ ಸಂಖ್ಯೆ: ಒರಟು ಬ್ಲಾಕಿನದು 2516, ಕೆಲಸ ಮಾಡಿದ ಚಪ್ಪಡಿಯದು 6802. ಎಚ್ಚರ ಬೇಕಾದ ಎರಡನೆಯ ಕಡೆ ತೂಕ. 2016ರ ಜುಲೈ 1ರಿಂದ ಸರಕು, ಮರ, ಪೆಟ್ಟಿಗೆ ಎಲ್ಲ ಸೇರಿದ ದೃಢೀಕರಿಸಿದ ಒಟ್ಟು ತೂಕ ಕೊಡದ ಪೆಟ್ಟಿಗೆಯನ್ನು ಹಡಗು ಹತ್ತಿಸುವಂತಿಲ್ಲ. ತೂಕದ ಸೇತುವೆಯ ಮೇಲೆ ತುಂಬಿದ ಲಾರಿ ನಿಲ್ಲಿಸಿ, ಖಾಲಿ ಲಾರಿಯ ತೂಕ ಕಳೆಯುತ್ತೀರಿ ತಾನೆ? ಎರಡು ಸಲವೂ ಡೀಸೆಲ್ ಟ್ಯಾಂಕ್ ಒಂದೇ ಮಟ್ಟದಲ್ಲಿತ್ತೇ, ಕ್ಲೀನರ್ ಕೆಳಗಿಳಿದಿದ್ದನೇ, ನೋಡಿಕೊಳ್ಳಿ. ಪ್ಯಾಕಿಂಗ್ ಪಟ್ಟಿಯಲ್ಲಿ ಕಲ್ಲಿನ ತೂಕ ಮಾತ್ರ ಬರೆದು ಮರದ್ದನ್ನು ಮರೆತರೆ ಎರಡು ಕಾಗದ ಎರಡು ಮಾತು ಹೇಳುತ್ತವೆ.

ವಿಮೆಯ ವಿಷಯದಲ್ಲಿ, ಎಲ್ಲ ಅಪಾಯಕ್ಕೂ ರಕ್ಷಣೆ ಎನ್ನುವ 'ಎ' ಷರತ್ತಿನ ಪಾಲಿಸಿಯೂ ಸಾಕಷ್ಟು ಭದ್ರವಾಗಿ ಕಟ್ಟದ ಸರಕಿಗೆ ಹಣ ಕೊಡುವುದಿಲ್ಲ. ತೊಲೆ ಹೊಡೆದ ಮೇಲೆ, ಬಾಗಿಲು ಮುಚ್ಚುವ ಮುನ್ನ ನಾಲ್ಕು ಕಡೆಯಿಂದ ಫೋಟೊ ತೆಗೆದಿಡಿ. ಹಾಗೆಂದು ವಿಮೆ ಬಿಡಬೇಡಿ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಬಿದ್ದ ಎವರ್ ಗಿವನ್ ಹಡಗಿನ ಬಿಡುಗಡೆಯ ಖರ್ಚಿನಲ್ಲಿ, ಒಂದು ಗೀರೂ ಬೀಳದ ಸರಕಿನವರ ಮೇಲೂ ಪಾಲು ಬಿತ್ತು. ಕಡಲ ಕಾನೂನೇ ಹಾಗೆ, ಎಲ್ಲರನ್ನೂ ಉಳಿಸಲು ಆದ ವೆಚ್ಚವನ್ನು ಎಲ್ಲರೂ ಹಂಚಿಕೊಳ್ಳಬೇಕು.

ಕೊನೆಯದು ಇಳಿಸುವ ಹೊತ್ತು. ಕೊಳ್ಳುವವರಿಗೆ ಪ್ಯಾಕಿಂಗ್ ಪಟ್ಟಿಯ ಜೊತೆ ಒಂದು ನಕ್ಷೆ ಕಳಿಸಿ: ಯಾವ ತೊಲೆ ಯಾವ ಬಂಡಲನ್ನು ಹಿಡಿದಿದೆ, ಯಾವುದನ್ನು ಮೊದಲು ಬಿಚ್ಚಬೇಕು. ಪ್ರಯಾಣದಲ್ಲಿ ಒಂದು ಬಂಡಲ್ ವಾಲಿ, ಆ ತೊಲೆಯೊಂದರ ಮೇಲೇ ನಿಂತಿರಬಹುದು. ಎರಡು ಟನ್ ಕಲ್ಲು ಅದು, ಬೀಳುವಾಗ ಕೈ ಕೊಟ್ಟು ತಡೆಯಲು ಯಾರಿಂದಲೂ ಆಗದು. ಮೊದಲು ಕ್ರೇನಿನ ಬೆಲ್ಟ್ ಬಂಡಲಿಗೆ ಬಿಗಿಯಬೇಕು, ಆಮೇಲೆ ತೊಲೆ ಬಿಚ್ಚಬೇಕು. ಬಿಚ್ಚುವವರು ಬಂಡಲಿಗೂ ಗೋಡೆಗೂ ನಡುವೆ ನಿಲ್ಲದೆ, ಬಾಗಿಲ ಕಡೆಯ ತುದಿಯಲ್ಲಿ ನಿಲ್ಲಬೇಕು. ಈ ಎರಡು ಸಾಲನ್ನು ಅಲ್ಲಿಯ ಕೆಲಸಗಾರರ ಭಾಷೆಯಲ್ಲಿ ಬರೆಸಿ, ಬಾಗಿಲು ತೆರೆದೊಡನೆ ಕಾಣುವ ಹಲಗೆಗೆ ಅಂಟಿಸಿ ಕಳಿಸಿ.

ನಮಸ್ಕಾರ.