ನೀರಲ್ಲೇ ನಿಂತು ಬಾಯಾರುವ ಪೈರು

ಇದು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗೆ ನಮ್ಮ ದೊಡ್ಡಪ್ಪನ ಗದ್ದೆ. ಪೈರಿನ ಬುಡ ನೋಡಿ, ನೀರು ನಿಂತಿದೆ. ಈಗ ಗರಿಯ ತುದಿ ನೋಡಿ, ಒಣಗಿ ಬಿಳುಚಿದೆ. "ನೀರಿಗೇನೂ ಬರ ಇಲ್ಲ ಕಣಪ್ಪ, ಆದ್ರೂ ಪೈರು ಮೇಲೇಳ್ತಾ ಇಲ್ಲ" ಅನ್ನುತ್ತಾರೆ ದೊಡ್ಡಪ್ಪ. ಬದುವಿನ ಮೇಲೆ ಬೆಳ್ಳಗೆ ಕಾಣುತ್ತಿರುವುದು ಉಪ್ಪು. ಇದು ಚೌಳು ನೆಲ.

ಇಷ್ಟು ನೀರಿದ್ದರೂ ಬೇರು ಯಾಕೆ ಕುಡಿಯುತ್ತಿಲ್ಲ? ಬೇರಿನ ಒಂದೊಂದು ಜೀವಕೋಶದ ಸುತ್ತಲೂ ಎರಡು ಪದರ ಕೊಬ್ಬಿನ ಪೊರೆ ಇದೆ. ದಪ್ಪ 5ರಿಂದ 10 ನ್ಯಾನೋಮೀಟರ್ ಅಷ್ಟೇ. ಆಮ್ಲಜನಕ ಅದರೊಳಗೆ ಸುಮ್ನೆ ನುಸುಳಿ ಹೋಗುತ್ತದೆ. ನೀರಿಗೆ ಅಕ್ವಾಪೊರಿನ್ ಎಂಬ ಪ್ರೋಟೀನ್ ಕೊಳವೆಗಳಿವೆ. ಇವು ನೀರಿನ ದಾರಿ ಅಂತ 1992ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ. 2003ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕೆಂಪು ರಕ್ತಕಣದ ಇಂಥ ಒಂದೇ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಹಾಯುತ್ತವೆ. ಎಂಥ ವೇಗ!

ಆದರೆ ಕೊಳವೆ ನೀರನ್ನು ಎಳೆಯುವುದಿಲ್ಲ. ಉಪ್ಪು, ಸಕ್ಕರೆ ಎತ್ತ ಜಾಸ್ತಿ ಕರಗಿದೆಯೋ ನೀರು ಅತ್ತ ಸಾಗುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟುಕೊಳ್ಳುತ್ತದೆ ಅಲ್ವಾ, ಅದೂ ಹೀಗೆಯೇ. ಒಳ್ಳೆ ಮಣ್ಣಿಗಿಂತ ಬೇರಿನೊಳಗೇ ಲವಣ ಜಾಸ್ತಿ. ಹಾಗಾಗಿ ನೀರು ಒಳಗೆ ಬರುತ್ತದೆ. ಚೌಳಿನಲ್ಲಿ ಹೊರಗಿನ ಉಪ್ಪು ಏರಿದಷ್ಟೂ ಆ ಸೆಳೆತ ಕಮ್ಮಿಯಾಗುತ್ತದೆ.

ಇದರ ಜೊತೆಗೆ, ಪೊಟ್ಯಾಸಿಯಂ ಬರುವ ದಾರಿಗಳಲ್ಲಿ ಉಪ್ಪಿನಲ್ಲಿರುವ ಸೋಡಿಯಂ ಕೂಡ ನುಗ್ಗುತ್ತದೆ. ಪೈರು ಕೈಕಟ್ಟಿ ಕೂರುವುದಿಲ್ಲ. ಪೊರೆಯಲ್ಲಿರುವ ಪಂಪುಗಳು ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವನ್ನು ಖರ್ಚು ಮಾಡಿ ಹೈಡ್ರೋಜನ್ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಇರುವ ಕಣಗಳನ್ನು, ಹೊರಗೆ ತಳ್ಳುತ್ತವೆ. ಅವು ಮತ್ತೆ ಒಳಗೆ ಬರುವಾಗ, ಆ ಬಲದಿಂದಲೇ ಇನ್ನೊಂದು ಪ್ರೋಟೀನ್ ಸೋಡಿಯಂ ಅನ್ನು ಹೊರಹಾಕುತ್ತದೆ. ನಮ್ಮ ಮೈಯ ಜೀವಕೋಶದಲ್ಲಿ ಇದಕ್ಕೆ ನೇರ ಪಂಪೇ ಇದೆ. 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಭತ್ತಕ್ಕೆ ಆ ಪಂಪು ಇಲ್ಲ, ಈ ಸುತ್ತು ದಾರಿಯೇ ಗತಿ. ಕಾಳು ಕಟ್ಟಬೇಕಾದ ಶಕ್ತಿಯೆಲ್ಲ ಉಪ್ಪು ಹೊರಹಾಕುವುದಕ್ಕೇ ಹೋದರೆ ನನಗಂತೂ ಸಂಕಟವಾಗುತ್ತದೆ.

ಇಂಥ ಗದ್ದೆಗೆ ಇನ್ನಷ್ಟು ನೀರು ಕಟ್ಟಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಬಸಿಗಾಲುವೆ ತೆಗೆಯಬೇಕು, ಉಪ್ಪು ತೊಳೆದು ಹರಿದುಹೋಗಬೇಕು. ಪರೀಕ್ಷೆಯಲ್ಲಿ ಮಣ್ಣು ಕ್ಷಾರ ಅಂತ ಬಂದರೆ ಜಿಪ್ಸಂ ಹಾಕುತ್ತಾರೆ. ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಆಮೇಲೆ ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ದೊಡ್ಡಪ್ಪ ಮೂಲೆಮೂಲೆಯಿಂದ ಮಣ್ಣು ತೆಗೆದು ಚೀಲಕ್ಕೆ ತುಂಬುತ್ತಿದ್ದಾರೆ. ಪರೀಕ್ಷೆಗೆ ಕೊಟ್ಟು ಬರುತ್ತೇವೆ.