ಅಂಗಡಿಯ ನೋಂದಣಿ: ಸರಕಾರಗಳು ಸರಕಾರಗಳಿಂದ ಕಲಿಯುವುದು

ಕೇಳುಗರಿಗೆ ನಮಸ್ಕಾರ.

ಮುಂಬಯಿಯಲ್ಲಿ ಹೋಟೆಲು, ಅಂಗಡಿ ನಡೆಸುವ ನಮ್ಮ ಕನ್ನಡಿಗರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಈ ಊರಿನಲ್ಲಿ ಹೊಸದಾಗಿ ಅಂಗಡಿ ಹಾಕುವವರನ್ನು ಎಲ್ಲರೂ ಮೊದಲು ಕೇಳುವುದು 'ಗುಮಾಸ್ತಾ ಆಯಿತೇ?' ಎಂದು, ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಡಿಯ ಲೈಸೆನ್ಸಿಗೆ ಇಲ್ಲಿನ ರೂಢಿಯ ಹೆಸರು ಅದು. ಹಲವು ವರ್ಷಗಳ ಹಿಂದೆ, ಮಾಟುಂಗಾದಲ್ಲಿ ಇಡ್ಲಿ ಹಿಟ್ಟಿನ ಅಂಗಡಿ ತೆರೆಯಲು ಹೊರಟಿದ್ದ ಒಬ್ಬ ತಾಯಿ ನನ್ನ ಮೇಜಿನ ಮೇಲೆ ಬಿಚ್ಚಿಟ್ಟ ಪ್ಲಾಸ್ಟಿಕ್ ಫೈಲು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದರಲ್ಲಿ ಒಂದೇ ರೇಷನ್ ಕಾರ್ಡಿನ ಹದಿನಾಲ್ಕು ಝೆರಾಕ್ಸ್ ಪ್ರತಿಗಳಿದ್ದವು. ಒಂದು ಕಚೇರಿಗೆ ಕೊಟ್ಟ ಕಾಗದ ಇನ್ನೊಂದು ಕಚೇರಿಗೆ ಲೆಕ್ಕಕ್ಕಿರಲಿಲ್ಲ.

ಇದು ನಮ್ಮೊಬ್ಬರ ಪಾಡಲ್ಲ. 1980ರ ದಶಕದಲ್ಲಿ ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ ಅವರ ತಂಡ, ಲಿಮಾ ನಗರದಲ್ಲಿ ಬಟ್ಟೆ ಹೊಲಿಯುವ ಒಂದು ಸಣ್ಣ ಘಟಕವನ್ನು ಕಾನೂನುಬದ್ಧವಾಗಿ ನೋಂದಾಯಿಸಲು ಹೊರಟು 289 ದಿನ ಅಲೆಯಿತು. ಆ ಬಳಿಕ ಅನೇಕ ದೇಶಗಳು ಈ ಗಂಟನ್ನು ಬಿಡಿಸಲು ಯತ್ನಿಸಿವೆ. ಅವುಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು, ಒಂದು ಸರಕಾರ ಇನ್ನೊಂದು ಸರಕಾರದ ಬಳಿ ಹೋಗಿ ನೋಡಿ ಕಲಿಯುವ ದಾರಿ. ರುವಾಂಡ 2008ರಲ್ಲಿ ಸಿಂಗಪುರದ ಆರ್ಥಿಕ ಅಭಿವೃದ್ಧಿ ಮಂಡಳಿಯ ಮಾದರಿಯನ್ನು ಮುಂದಿಟ್ಟುಕೊಂಡು ತನ್ನದೇ ಮಂಡಳಿಯನ್ನು ಕಟ್ಟಿ, ಚದುರಿಹೋಗಿದ್ದ ಹಲವು ಕಚೇರಿಗಳನ್ನು ಒಂದೇ ಸೂರಿನಡಿ ತಂದಿತು.

ನಮ್ಮವರು ಹೋಟೆಲು ನಡೆಸಲು ಕಲಿತದ್ದೂ ಹೀಗೆಯೇ. ಊರಿನಿಂದ ಬಂದ ಹುಡುಗ ಹಗಲು ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಕಡೆಗೆ ಧಣಿಗಳ ಪಕ್ಕದಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಯಾವ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡೆವೆಂಬುದನ್ನು ಧಣಿಗಳು ಅವನ ಮುಂದೆ ಮುಚ್ಚಿಡುತ್ತಿರಲಿಲ್ಲ. ಸರಕಾರಗಳ ನಡುವಿನ ಕಲಿಕೆಯಲ್ಲೂ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಈ ಸೋಲಿನ ಲೆಕ್ಕವೇ.

ಬೆನಿನ್ ದೇಶವನ್ನು ನೋಡಿ. ಆಫ್ರಿಕಾದ 17 ದೇಶಗಳು ಒಂದೇ ವ್ಯಾಪಾರ ಕಾನೂನನ್ನು ಪಾಲಿಸುವ 'ಒಹಾದಾ' ಒಕ್ಕೂಟದಲ್ಲಿ ಅದೂ ಒಂದು. ಸಣ್ಣ ವ್ಯಾಪಾರಿ ಬರೇ ಒಂದು ಘೋಷಣೆ ಕೊಟ್ಟರೆ ಸಾಕೆಂಬ ನಿಯಮವನ್ನು ಒಕ್ಕೂಟ 2010ರಲ್ಲಿ ತಂದಾಗ, ಅದನ್ನು ಮೊದಲು ಪ್ರಯೋಗಕ್ಕಿಟ್ಟದ್ದು ಬೆನಿನ್. ನೋಂದಣಿಯನ್ನು ಸುಲಭವೂ ಉಚಿತವೂ ಮಾಡಿದರೂ ಹೆಚ್ಚಿನ ವ್ಯಾಪಾರಿಗಳು ಬರಲಿಲ್ಲ. ತರಬೇತಿ, ಬ್ಯಾಂಕ್ ಖಾತೆ, ತೆರಿಗೆಯ ಬಗ್ಗೆ ತಿಳಿಹೇಳುವವರು ಜೊತೆಗಿದ್ದಾಗ ಸಂಖ್ಯೆ ಇನ್ನು ಸ್ವಲ್ಪ ಏರಿತು. ಈ ಫಲಿತಾಂಶವನ್ನು ಅವರು ಬಚ್ಚಿಡಲಿಲ್ಲ. ಮುಂದೆ 2020ರಲ್ಲಿ, ಕೊರೋನಾ ಕಾಲದಲ್ಲಿ, ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗದ ನೆರವಿನಿಂದ ಅದೇ ದೇಶ ನೋಂದಣಿಯನ್ನು ಪೂರ್ತಿಯಾಗಿ ಆನ್‌ಲೈನ್‌ಗೆ ತಂದಿತು.

ರ‍್ಯಾಂಕಿನ ಆಸೆಯಿಂದ ಕಲಿಯುವುದು ಬೇರೆಯೇ ಸಂಗತಿ. ವಿಶ್ವಬ್ಯಾಂಕಿನ ಸುಲಲಿತ ವ್ಯವಹಾರ ಪಟ್ಟಿಯಲ್ಲಿ ಭಾರತ 142ನೇ ಸ್ಥಾನದಿಂದ 63ಕ್ಕೆ ಏರಿತು. ಆದರೆ ಆ ಅಳತೆ ನಡೆದದ್ದು ಮುಂಬಯಿ ಮತ್ತು ದೆಹಲಿ ಎರಡೇ ನಗರಗಳಲ್ಲಿ, ಅದರಲ್ಲೂ ಉದ್ಯಮ ಆರಂಭಿಸುವ ವಿಷಯದಲ್ಲಿ ನಾವು 136ರಲ್ಲೇ ಉಳಿದಿದ್ದೆವು. ಅಂಕಿಅಂಶಗಳಲ್ಲಿ ಕೈವಾಡ ಕಂಡುಬಂದ ಮೇಲೆ 2021ರಲ್ಲಿ ಆ ವರದಿಯೇ ನಿಂತುಹೋಯಿತು.

ನಮ್ಮಲ್ಲಿ ಏನೂ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದ 2017ರ ಕಾಯ್ದೆ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಯವರು ನೋಂದಣಿಯ ಬದಲು ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಸಾಕೆಂದಿತು. 2020ರಿಂದ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರಕಾರದ 'ಉದ್ಯಮ್' ನೋಂದಣಿ ಆಧಾರ್ ಸಂಖ್ಯೆಯ ಮೇಲೆ ಉಚಿತವಾಗಿ ಆಗುತ್ತಿದೆ. ಆದರೂ ಹಿಟ್ಟು ಮಾರುವವರಿಗೆ ಫುಡ್ ಲೈಸೆನ್ಸು ಬೇರೆ, ಜಿಎಸ್‌ಟಿ ಬೇರೆ. ಇವೆಲ್ಲ ಒಂದೇ ಅರ್ಜಿಯಲ್ಲಿ ಮುಗಿಯುವುದಿಲ್ಲ.

ಆದುದರಿಂದ ನನ್ನದೊಂದು ಕೋರಿಕೆ. ಹೊರದೇಶಕ್ಕೆ ಅಧ್ಯಯನಕ್ಕೆಂದು ನಿಯೋಗ ಹೊರಟಾಗ ಹಿರಿಯ ಅಧಿಕಾರಿಗಳ ಜೊತೆ ಕೌಂಟರಿನ ಹಿಂದೆ ಕೂರುವ ಒಬ್ಬ ಕ್ಲಾರ್ಕ್ ಕೂಡ ಹೋಗಲಿ. ಅಲ್ಲಿನ ಕ್ಲಾರ್ಕನ ಪಕ್ಕದಲ್ಲಿ ಕುಳಿತು, 'ಇದೇ ಕಾಗದವನ್ನು ನೀವು ಜನರಿಂದ ಎಷ್ಟು ಸಲ ಕೇಳುತ್ತೀರಿ?' ಎಂದು ವಿಚಾರಿಸಬೇಕಾದವನು ಅವನೇ.