ಮೊದಲು ಕಾರಣ, ಆಮೇಲೆ ಗೋಂದು

ಕೇಳುಗರೆಲ್ಲರಿಗೂ ನಮಸ್ಕಾರ.

ಕೈಯಾರೆ ಕಟ್ಟಿದ ವಿಮಾನ ನೆಲಕ್ಕೆ ಬಿದ್ದಾಗ ಬರುವ ಸದ್ದು ದೊಡ್ಡದೇನಲ್ಲ. ಒಣ ಕಡ್ಡಿಗಳ ಕಟ್ಟನ್ನು ಮಂಡಿಗೆ ಕೊಟ್ಟು ಮುರಿದ ಹಾಗೆ ಒಂದು 'ಚಟಕ್'. ಅಷ್ಟೇ. ಕೈಯಲ್ಲಿ ಟ್ರಾನ್ಸ್‌ಮಿಟರ್ ಇರುತ್ತದೆ. ಹೆಬ್ಬೆರಳು ಸ್ಟಿಕ್ಕನ್ನು ಇನ್ನೂ ಹಿಂದಕ್ಕೆ ಎಳೆದುಕೊಂಡೇ ಇರುತ್ತದೆ, ಈಗಲೂ ಮೇಲೆದ್ದು ಬಂದೀತೇನೋ ಅನ್ನುವ ಹಾಗೆ.

ನಾನು ಹೇಳುತ್ತಿರುವುದು ರೇಡಿಯೊ ಕಂಟ್ರೋಲ್ ಮಾದರಿ ವಿಮಾನಗಳ ವಿಷಯ. ಆರ್‌ಸಿ ವಿಮಾನ ಅಂತೀವಲ್ಲ, ಅದು. ಅದರಲ್ಲೂ ಹೊಸದಾಗಿ ಕಟ್ಟಿದ ವಿಮಾನ. ತಿಂಗಳುಗಟ್ಟಲೆ ರಾತ್ರಿ ಕೂತು, ಬಾಲ್ಸಾ ಅನ್ನುವ ಹಗುರ ಮರದ ಹಾಳೆಯಿಂದ ರೆಕ್ಕೆಯ ಪಕ್ಕೆಲುಬುಗಳನ್ನು, ಅಂದರೆ ರಿಬ್‌ಗಳನ್ನು, ಒಂದೊಂದೇ ಕತ್ತರಿಸಿ, ಉಜ್ಜಿ ನಯ ಮಾಡಿ, ಬಣ್ಣದ ಫಿಲ್ಮಿಗೆ ಇಸ್ತ್ರಿ ಹಾಕಿ ಸುಕ್ಕು ಬಿಡಿಸಿ ಮಾಡಿದ್ದು. ಅದು ಬಿದ್ದರೆ ಮನೆಯವರು 'ಆಟಿಕೆ ತಾನೆ, ಹೋಗ್ಲಿ ಬಿಡಿ' ಅಂತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಬೇಜಾರಾಗುವುದು ಸಹಜ, ನನಗೂ ಆಗುತ್ತದೆ, ಇಷ್ಟು ವರ್ಷದ ಮೇಲೂ.

ಆದರೆ ಬೇಜಾರಿನಲ್ಲಿ ನಾವೆಲ್ಲ ಒಂದೇ ತಪ್ಪು ಮಾಡುತ್ತೇವೆ. ಮನೆಗೆ ಬಂದವರೇ ಗೋಂದಿನ ಬಾಟಲಿ ತೆಗೆಯುತ್ತೇವೆ. ಆದಷ್ಟು ಬೇಗ ಮೊದಲಿನ ಹಾಗೆ ಮಾಡಿಬಿಡಬೇಕು, ಬಿದ್ದೇ ಇಲ್ಲ ಅನ್ನಿಸಬೇಕು. ಅದು ಬೇಡ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಮೊದಲು ಕಾರಣ, ಆಮೇಲೆ ಗೋಂದು. ಯಾಕೆ ಬಿತ್ತು ಅಂತ ಗೊತ್ತಾಗುವ ತನಕ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಯಾಕೆ ಬಿತ್ತು ಅಂತ ಕೇಳಿದರೆ ನನಗೆ ಸಿಗುವ ಉತ್ತರ ಎರಡೇ. ಒಂದು, 'ಗಾಳಿ ಜಾಸ್ತಿ ಇತ್ತು ಸಾರ್'. ಇನ್ನೊಂದು, 'ಸಿಗ್ನಲ್ ಕಟ್ ಆಯ್ತು ಸಾರ್'. ಹಳೆಯ ಕಾಲದಲ್ಲಿ ಈ ಎರಡನೆಯದನ್ನು ನಂಬಬಹುದಿತ್ತು. ಆಗ ಪ್ರತಿ ರೇಡಿಯೊಗೂ ಒಂದು ಕ್ರಿಸ್ಟಲ್, ಒಂದು ಚಾನೆಲ್. ನಿಮ್ಮ ಚಾನೆಲ್ಲಿನಲ್ಲೇ ಇನ್ನೊಬ್ಬರು ಸ್ವಿಚ್ ಹಾಕಿದರೆ ನಿಮ್ಮ ವಿಮಾನದ ಕಥೆ ಮುಗಿಯಿತು. ಈಗಿನವು 2.4 ಗಿಗಾಹರ್ಟ್ಜ್ ರೇಡಿಯೊಗಳು. ನಿಮ್ಮ ರಿಸೀವರ್ ನಿಮ್ಮ ಟ್ರಾನ್ಸ್‌ಮಿಟರಿನ ಮಾತನ್ನು ಮಾತ್ರ ಕೇಳುತ್ತದೆ. ಇನ್ನು ಗಾಳಿ! ಪಕ್ಕದಲ್ಲಿ ಇನ್ನೂ ನಾಲ್ಕು ವಿಮಾನ ಅದೇ ಗಾಳಿಯಲ್ಲಿ ಹಾರುತ್ತಿದ್ದವಲ್ಲ, ಅವಕ್ಕೆ ಬೀಸದ ಗಾಳಿ ನಿಮ್ಮದಕ್ಕೊಂದಕ್ಕೇ ಬೀಸಿತೇ? ಕಟುವಾಗಿ ಹೇಳಿದೆ ಅನ್ನಿಸಿದರೆ ಕ್ಷಮಿಸಿ. ನಾನೂ ಹೀಗೆಯೇ ಹೇಳಿದವನು.

ಆ ಕಥೆ ಹೇಳುತ್ತೇನೆ. ನಕ್ಷೆ ಹಾಸಿಕೊಂಡು ನಾನೇ ಪೂರ್ತಿ ಕಟ್ಟಿದ ಮೊದಲ ವಿಮಾನ ಅದು. ರೆಕ್ಕೆಯ ತುದಿಯಿಂದ ತುದಿಗೆ 150 ಸೆಂಟಿಮೀಟರ್, ತೂಕ ಒಂದೂವರೆ ಕಿಲೋ. ಮೂರು ತಿಂಗಳು ಹಿಡಿಯಿತು. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಒಯ್ದೆ. ಎಲ್ಲ ಪರೀಕ್ಷೆ ಮಾಡಿದ್ದೆ. ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದರೆ ತಕ್ಕಡಿಯ ಹಾಗೆ ನಿಲ್ಲುತ್ತಿತ್ತು, ಮೂತಿ ಒಂಚೂರು ಕೆಳಗೆ. ಹೀಗೇ ಇರಬೇಕು. ಹುಲ್ಲಿನ ಮೇಲೆ ಓಡಿತು, ಎದ್ದಿತು. ಏನು ಚೆಂದ! ಮರದ ಎತ್ತರಕ್ಕೆ ಹೋಯಿತು. ಹೋದದ್ದು ಹಾಗೆಯೇ ಮೂತಿ ಎತ್ತುತ್ತಲೇ ಇದೆ. ಮೂತಿ ಇಳಿಸಲು ಸ್ಟಿಕ್ ಮುಂದಕ್ಕೆ ತಳ್ಳಿದೆ. ಕೇಳಲಿಲ್ಲ. ಪೂರ್ತಿ ತಳ್ಳಿದೆ. ಒಂದು ಗಳಿಗೆ ಗಾಳಿಯಲ್ಲಿ ನೇತು ಹಾಕಿದ ಹಾಗೆ ನಿಂತಿತು. ಎಡ ರೆಕ್ಕೆ ಜಾರಿತು, ಸುತ್ತಿತು, ಮೂತಿ ಕೆಳಗಾಗಿ ಬಂತು. ಗೆಳೆಯನೊಬ್ಬ ವಿಡಿಯೊ ಮಾಡಿದ್ದ. ಲೆಕ್ಕ ಹಾಕಿದರೆ 11 ಸೆಕೆಂಡು.

ಸುತ್ತ ಇದ್ದವರು ಸ್ಟಾಲ್ ಅಂದರು. ವೇಗ ಸಾಲದೆ, ಮೂತಿ ಜಾಸ್ತಿ ಎತ್ತಿ, ರೆಕ್ಕೆ ಹಿಡಿತ ಬಿಟ್ಟಿದ್ದು. ಸ್ಟಾಲ್ ಆಗಿದ್ದು ನಿಜವೇ. ಆದರೆ ಯಾಕೆ ಸ್ಟಾಲ್ ಆಯಿತು? ಅದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎದುರು ಗಾಳಿ ಎತ್ತಿಬಿಟ್ಟಿತು ಅಂತ ನನಗೆ ನಾನೇ ಹೇಳಿಕೊಂಡೆ. ಮನೆಗೆ ಹೋಗಿ ಎರಡು ರಾತ್ರಿ ಎಪಾಕ್ಸಿ ಗೋಂದು ಹಿಡಿದು ಕೂತೆ. ಒಡಲಿನ ಒಳಗೆ ಅಡ್ಡಲಾಗಿ ನಿಲ್ಲಿಸುವ ಫಾರ್ಮರ್ ಅಂತ ತಟ್ಟೆಗಳಿರುತ್ತವೆ. ಅದರಲ್ಲಿ ಒಂದು ಮೂರು ಚೂರಾಗಿತ್ತು. ಇದನ್ನೆಲ್ಲಿ ಕೂಡಿಸೋದು ಅಂತ ಹೊಸದೊಂದು ಕತ್ತರಿಸಿದೆ. ಹಳೆಯ ಚೂರುಗಳನ್ನು ಕಸದ ಬುಟ್ಟಿಗೆ ಹಾಕಿದೆ. ಕೆಲಸ ಎಷ್ಟು ನೀಟಾಗಿ ಆಗಿತ್ತೆಂದರೆ, ಎಲ್ಲಿ ಮುರಿದಿತ್ತು ಅಂತ ನನಗೇ ಹುಡುಕಬೇಕಾಗಿತ್ತು.

ಮುಂದಿನ ಭಾನುವಾರ. ಅದೇ ಹುಲ್ಲು, ಅದೇ ಓಟ, ಅದೇ ಮೂತಿ ಎತ್ತುವುದು, ಅದೇ ಎಡ ರೆಕ್ಕೆ. ಈ ಸಲ 9 ಸೆಕೆಂಡು. ಅವತ್ತು ಗಾಳಿಯೂ ಇರಲಿಲ್ಲ, ಬೈಯುವುದಕ್ಕೆ.

ಮೈದಾನಕ್ಕೆ ಹಿರಿಯರೊಬ್ಬರು ಬರುತ್ತಿದ್ದರು. ಹಾರಿಸುವುದು ಕಮ್ಮಿ, ನೋಡುವುದು ಜಾಸ್ತಿ. ಅವರು ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಮುರಿದ ರೆಕ್ಕೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಸಣ್ಣ ಟಾರ್ಚು ತೆಗೆದು ಒಡಲಿನೊಳಗೆ ಬಿಟ್ಟರು.

'ಬ್ಯಾಟರಿ ಎಲ್ಲಿ ಸಿಕ್ತು?' ಅಂದರು.

'ಮುಂದೆ ಸಾರ್. ಮೂತಿ ಒಡ್ಕೊಂಡು ಆಚೆ ಬಂದಿತ್ತು.'

'ಹಾಗಾದ್ರೆ ಈ ಹಿಂದಿನ ತಟ್ಟೆಗೆ ಗುದ್ದಿದ್ದು ಯಾರಪ್ಪಾ?'

ಬಗ್ಗಿ ನೋಡಿದೆ. ಬ್ಯಾಟರಿ ಇಡುವ ಜಾಗದಿಂದ ಅರ್ಧ ಗೇಣು ಹಿಂದೆ, ನಾನು ಹೊಸದಾಗಿ ಹಾಕಿದ್ದ ಫಾರ್ಮರ್. ಬಾಲ್ಸಾ ಮರ ಗೊತ್ತಲ್ಲ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಅದರ ಮೇಲೆ ಒಂದು ಚೌಕದ ಮೂಲೆಯ ಗುರುತು, ಅಚ್ಚೊತ್ತಿದ ಹಾಗೆ. ಗುರುತಿನ ಅಂಚಿಗೆ ನೀಲಿ ಪ್ಲಾಸ್ಟಿಕ್ಕಿನ ಒಂದು ಎಳೆ ಅಂಟಿಕೊಂಡಿತ್ತು. ನನ್ನ ಬ್ಯಾಟರಿಯ ಹೊದಿಕೆ ನೀಲಿ.

ಆಗ ಎಲ್ಲ ಬಿಡಿಸಿಕೊಂಡಿತು. ಬ್ಯಾಟರಿ ಕಟ್ಟಿದ್ದ ವೆಲ್ಕ್ರೊ ಪಟ್ಟಿ ಸಡಿಲ. ನೆಲದ ಮೇಲೆ ಬ್ಯಾಟರಿ ಇದ್ದಲ್ಲೇ ಇರುತ್ತಿತ್ತು, ಹಾಗಾಗಿ ತೂಕ ಸರಿಯಾಗಿ ತೂಗುತ್ತಿತ್ತು. ವಿಮಾನ ಮೂತಿ ಎತ್ತಿದ ಕೂಡಲೇ ಬ್ಯಾಟರಿ ಹಿಂದಕ್ಕೆ ಜಾರಿತು. ಲೆಕ್ಕ ನೋಡಿ. ಒಂದೂವರೆ ಕಿಲೋ ವಿಮಾನದಲ್ಲಿ 300 ಗ್ರಾಂ ಬ್ಯಾಟರಿ 10 ಸೆಂಟಿಮೀಟರ್ ಹಿಂದೆ ಸರಿದರೆ, ಇಡೀ ವಿಮಾನದ ತೂಕದ ಮಧ್ಯ 2 ಸೆಂಟಿಮೀಟರ್ ಹಿಂದೆ ಹೋಗುತ್ತದೆ. ಬಾಲ ಭಾರ ಆಯಿತು. ಬಾಲ ಭಾರವಾದರೆ ಮೂತಿ ಇನ್ನೂ ಎತ್ತುತ್ತದೆ, ಮೂತಿ ಏರಿಳಿಸಲು ಬಾಲದಲ್ಲಿರುವ ಪಟ್ಟಿ, ಎಲಿವೇಟರ್, ಏನು ಮಾಡಿದರೂ ಕೇಳುವುದಿಲ್ಲ. ನೆಲಕ್ಕೆ ಗುದ್ದಿದಾಗ ಅದೇ ಬ್ಯಾಟರಿ ಮುಂದಕ್ಕೆ ಚಿಮ್ಮಿ ಮೂತಿ ಒಡೆದುಕೊಂಡು ಹೊರಗೆ ಬಂತು. ಕಳ್ಳ ತಾನೇ ಬಾಗಿಲು ಒಡೆದು ಆಚೆ ನಿಂತಿದ್ದ. ನಾವು ಅವನನ್ನೇ ಎತ್ತಿ, ಒರೆಸಿ, ಚಾರ್ಜಿಗೆ ಹಾಕಿದ್ದೆವು.

ಹಿರಿಯರು ಕೇಳಿದರು, 'ಮೊದಲನೇ ಸಲ ಬಿದ್ದಾಗ ಇದ್ದ ತಟ್ಟೆ ಎಲ್ಲಿ?'

'ಬಿಸಾಕಿದೆ ಸಾರ್.'

ಅವರು ಏನೂ ಅನ್ನಲಿಲ್ಲ. ಟಾರ್ಚು ಆರಿಸಿ, ಮಂಡಿ ಹಿಡಿದುಕೊಂಡು ಎದ್ದು ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೆ ದುರಸ್ತಿ ಏನು ಗೊತ್ತೇ? ಬ್ಯಾಟರಿಯ ಹಿಂದೆ ಬೆರಳುದ್ದದ ಒಂದು ಮರದ ತುಂಡು. ಅಷ್ಟೇ. ಜಾರದ ಹಾಗೆ ತಡೆ. ಆ ತುಂಡು ಅಂಟಿಸಲು ಐದು ನಿಮಿಷ. ಮೊದಲ ಸಲವೇ ಕಾರಣ ಹುಡುಕಿದ್ದರೆ ಎರಡನೆಯ ಸಲ ಬೀಳುತ್ತಿರಲಿಲ್ಲ. ನಾನು ಅಂಟಿಸಿದ್ದು ಮುರಿದದ್ದನ್ನು, ತಪ್ಪನ್ನು ಹಾಗೆಯೇ ಒಳಗಿಟ್ಟು. ಮೊದಲು ಕಾರಣ, ಆಮೇಲೆ ಗೋಂದು, ಅಲ್ವಾ?

ರೈಟ್ ಸಹೋದರರೂ ಹೀಗೆಯೇ ಬಿದ್ದವರು. 1903ರ ಡಿಸೆಂಬರ್ 14ರಂದು ವಿಲ್ಬರ್ ರೈಟ್ ಹತ್ತಿದರು. ಮೂತಿ ಜಾಸ್ತಿ ಎತ್ತಿಬಿಟ್ಟರು. ಮೂರೂವರೆ ಸೆಕೆಂಡಿನಲ್ಲಿ ಸ್ಟಾಲ್ ಆಗಿ ಮರಳಿನ ಮೇಲೆ ಬಿತ್ತು. ಅವರು ಮನೆಗೆ ಬರೆದದ್ದು, ಎಂಜಿನ್ನಿನ ಶಕ್ತಿ ಸಾಕು, ಅನುಭವ ಸಾಲದೆ ಆದ ಸಣ್ಣ ತಪ್ಪು ಅಂತ. ಕಾರಣ ಗೊತ್ತಿತ್ತು, ಹಾಗಾಗಿ ಮುರಿದಷ್ಟನ್ನೇ ಸರಿಮಾಡಿದರು. 17ನೇ ತಾರೀಖು ನಾಲ್ಕು ಸಲ ಹಾರಿದರು, ಕೊನೆಯದು 59 ಸೆಕೆಂಡು. ಅದಾದ ಮೇಲೆ, ಸುಮ್ನೆ ನೆಲದ ಮೇಲೆ ನಿಂತಿದ್ದ ವಿಮಾನವನ್ನು ಗಾಳಿ ಉರುಳಿಸಿ ಮುರಿದು ಹಾಕಿತು. ಅದು ಮತ್ತೆ ಹಾರಲೇ ಇಲ್ಲ. ಗಾಳಿಯ ಮೇಲೆ ಹೇಳುವ ಹಕ್ಕು ಅವರಿಗೆ ಇತ್ತು, ನೋಡಿ.

ಸರಿ, ಕಾರಣ ಹುಡುಕುವುದು ಹೇಗೆ? ಬಿದ್ದ ಜಾಗಕ್ಕೆ ಓಡಬೇಡಿ, ನಡೆದು ಹೋಗಿ. ಮೋಟರಿನ ವೇಗದ ಸ್ಟಿಕ್, ಥ್ರಾಟಲ್, ಪೂರ್ತಿ ಕೆಳಗಿರಲಿ. ಎತ್ತುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ತುಂಡುಗಳೆಲ್ಲ ಒಂದೇ ಕಡೆ ಬಿದ್ದಿದ್ದರೆ ನೆಲಕ್ಕೆ ಗುದ್ದಿ ಮುರಿದದ್ದು. ಒಂದು ರೆಕ್ಕೆ 50 ಹೆಜ್ಜೆ ಹಿಂದೆ ಸಿಕ್ಕಿದರೆ ಅದು ಆಕಾಶದಲ್ಲೇ ಮುರಿದದ್ದು, ಮೊದಲು ಜೋಡಣೆಯನ್ನೇ ನೋಡಿ. ಆಮೇಲೆ ಒಂದು ಚೂರೂ ಬಿಡದೆ ಆರಿಸಿಕೊಳ್ಳಿ. ಬಟಾಣಿಯಷ್ಟು ಚೂರಾದರೂ ಸರಿ. ಅವತ್ತು ರಾತ್ರಿ ಡಬ್ಬದಲ್ಲಿ ಹಾಕಿ ಮುಚ್ಚಿಡಿ, ಮುಟ್ಟಬೇಡಿ. ಮರುದಿನ ಗೋಂದಿಲ್ಲದೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ನೋಡಿ. ಬಾಲ್ಸಾ ಮುರಿದ ಅಂಚು ಒಂದಕ್ಕೊಂದು ಹಲ್ಲಿನ ಹಾಗೆ ಕಚ್ಚಿಕೊಳ್ಳುತ್ತದೆ. ಎಲ್ಲಿ ಕಚ್ಚುವುದಿಲ್ಲವೋ ಅಲ್ಲಿ ಏನೋ ಜಜ್ಜಿದೆ, ಅಲ್ಲಿಯೇ ಪೆಟ್ಟು ಬಿದ್ದದ್ದು.

ಹೊಸ ವಿಮಾನ ಬೀಳುವ ಮಾಮೂಲಿ ಕಾರಣ ಇನ್ನೊಂದಿದೆ. ಏಲೆರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಿಂದಿನ ಪಟ್ಟಿ, ಉಲ್ಟಾ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಏಲೆರಾನ್ ಮೇಲೇಳಬೇಕು. ಕೆಳಗೆ ಹೋದರೆ ಹಾರಿಸಬೇಡಿ. ಎಲ್ಲರಿಗೂ ಗೊತ್ತು, ಆದರೂ ಅವಸರದಲ್ಲಿ ಯಾರೂ ನೋಡುವುದಿಲ್ಲ. ತೂಕದ ಮಧ್ಯವೂ ಹಾಗೆಯೇ. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ರೆಕ್ಕೆಯ ಅಗಲ 24 ಸೆಂಟಿಮೀಟರ್ ಅಂದುಕೊಳ್ಳಿ. ಮುಂದಿನ ಅಂಚಿನಿಂದ 6ರಿಂದ 8 ಸೆಂಟಿಮೀಟರ್ ಒಳಗೆ ಇರಬೇಕು. ಅಳೆಯುವ ಮೊದಲು ವಿಮಾನವನ್ನು ಮೂತಿ ಮೇಲೆ ಮಾಡಿ ಒಂದು ಸಲ ಕುಲುಕಿ. ಅದು ನನ್ನ ಸ್ವಂತ ಸೇರ್ಪಡೆ, ಯಾಕೆ ಅಂತ ನಿಮಗೆ ಗೊತ್ತು.

ಸ್ಟುಡಿಯೊದ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆಯಂತೆ. ಬೇಗ ಹೇಳುತ್ತೇನೆ. ಸರ್ವೊಗಳ, ಅಂದರೆ ಆ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟರುಗಳ, ತೋಳನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಎಲ್ಲಾದರೂ ಜಾರಿದ ಹಾಗೆ ಆದರೆ ಒಳಗೆ ಹಲ್ಲು ಹೋಗಿದೆ, ಬದಲಾಯಿಸಿ. ಮೋಟರಿನ ಶಾಫ್ಟ್ ತಿರುಗಿಸಿ, ಓಲಾಡಿದರೆ ಬಗ್ಗಿದೆ. ನೆಲಕ್ಕೆ ಬಡಿದ ಪ್ರೊಪೆಲ್ಲರನ್ನು ನೋಡುವುದೇ ಬೇಡ, ಎಸೆಯಿರಿ. ಬಾಲದ ಹತ್ತಿರ ಗೋಂದು ಕಮ್ಮಿ ಹಚ್ಚಿ. ಅಲ್ಲಿ 10 ಗ್ರಾಂ ಜಾಸ್ತಿಯಾದರೆ ಮೂತಿಗೆ 20, 30 ಗ್ರಾಂ ಸೇರಿಸಬೇಕಾಗುತ್ತದೆ.

ಮಾದರಿ ವಿಮಾನ ಕಟ್ಟುತ್ತಿದ್ದ ಅಮೆರಿಕದ ಮೇನಾರ್ಡ್ ಹಿಲ್ ಅವರ ಬಗ್ಗೆ ನಿಧಾನವಾಗಿ ಹೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. 2003ರಲ್ಲಿ, 77ನೇ ವಯಸ್ಸಿನಲ್ಲಿ, 5 ಕಿಲೋಗಿಂತ ಹಗುರವಾದ ತಮ್ಮ ಬಾಲ್ಸಾ ವಿಮಾನವನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಅಟ್ಲಾಂಟಿಕ್ ದಾಟಿಸಿ ಐರ್ಲೆಂಡಿನಲ್ಲಿ ಇಳಿಸಿದವರು ಅವರು. 38 ಗಂಟೆಗೂ ಜಾಸ್ತಿ ಹಾರಾಟ. ಅದಕ್ಕಿಂತ ಮುಂಚಿನ ವಿಮಾನಗಳು ಸಮುದ್ರಕ್ಕೆ ಹೋಗಿದ್ದವು. ಅವರಿಗೆ ಕಾರಣ ಹುಡುಕಲು ಒಂದು ಚೂರೂ ಸಿಗುವ ಹಾಗಿರಲಿಲ್ಲ. ನಮಗೆ ಎಲ್ಲವೂ ಹುಲ್ಲಿನಲ್ಲೇ ಸಿಗುತ್ತದೆ, ಅಷ್ಟು ಪುಣ್ಯ.

ಅಯ್ಯೋ, ಮೊದಲೇ ಹೇಳಬೇಕಾಗಿದ್ದದ್ದನ್ನು ಕಥೆಯ ನಡುವೆ ಮರೆತೆ. ಬ್ಯಾಟರಿ. ಬಿದ್ದ ವಿಮಾನದಲ್ಲಿ ಮೊದಲು ಕಳಚಬೇಕಾದದ್ದು ಅದೇ. ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಜಜ್ಜಿದರೆ, ಚುಚ್ಚಿದರೆ, ಆಗಲೇ ಉರಿಯಬೇಕೆಂದಿಲ್ಲ, ಎಷ್ಟೋ ಹೊತ್ತಿನ ಮೇಲೆ ತಾನಾಗಿ ಹೊತ್ತಿಕೊಳ್ಳಬಹುದು. ಕಾರಿನೊಳಗೆ ಇಡಬೇಡಿ. ಊದಿದ್ದನ್ನು, ತಗ್ಗು ಬಿದ್ದದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ನಾನು ಒರೆಸಿ ಹಾಕಿದ್ದೆ ಅಂದೆನಲ್ಲ, ಅದನ್ನು ಕಲಿಯಬೇಡಿ. ಇವತ್ತೇ ವಿಮಾನ ಬೀಳಿಸಿಕೊಂಡು, ಚೂರುಗಳ ಡಬ್ಬ ಪಕ್ಕದಲ್ಲಿಟ್ಟುಕೊಂಡು ಈ ಮಾತು ಕೇಳುತ್ತಿದ್ದೀರಾ? ಬ್ಯಾಟರಿ ಆ ಡಬ್ಬದೊಳಗೇ ಇದ್ದರೆ ರೇಡಿಯೊ ಆರಿಸಿದರೂ ಪರವಾಗಿಲ್ಲ, ಈಗಲೇ ಎದ್ದು ಹೊರಗೆ ಬರಿ ಮಣ್ಣಿನ ಮೇಲೆ ಇಟ್ಟು ಬನ್ನಿ. ನಮಸ್ಕಾರ.